ದಂಪತಿ ಪ್ರಕರಣ

"ಒಳಗೆ ಹೋಗಬ್ಯಾಡ್ರಿ ಟೀಚರ್!"

ಬಾಗಿಲಿಗೆ ಅಡ್ಡವಾಗಿ ಒಂದು ಕೈ ಚಾಚಿಕೊಂಡಿತು. ತೋಳಿಗೆ ಕಪ್ಪು ಪಟ್ಟಿ, ಘೋಷಣೆ ಕೂಗಿ ಕೂಗಿ ಒಡೆದ ದನಿ. ರೂಪಶ್ರೀ ಬೆಚ್ಚಿ ತಲೆಯೆತ್ತಿದಳು.

ಒಳಗೆ ಮೈಕಿನಲ್ಲಿ ಅವಳ ಹೆಸರನ್ನು ಮತ್ತೊಮ್ಮೆ ಕೂಗುತ್ತಿದ್ದರು. ಗೋಡೆಯ ಪರದೆಯ ಮೇಲೆ ಶಿಕ್ಷಕರು ಬೇಕಾಗಿರುವ ಊರುಗಳ ಹೆಸರು ಮೂಡಿತ್ತು. ಅದರಲ್ಲಿ ಬಾತಿಯೂ ಇತ್ತು!

ಬಾತಿ ಎಂದರೆ ದಾವಣಗೆರೆಯ ಮಗ್ಗುಲಲ್ಲೇ. ಒಳಗೆ ಹೋಗಿ ಆ ಹೆಸರನ್ನು ಹೇಳಿ ಸಹಿ ಹಾಕಿದರೆ ಅವಳ ಚಿಂತೆ ಅಲ್ಲಿಗೆ ಮುಗಿಯುತ್ತಿತ್ತು.

ಅವಳ ಶಾಲೆಯಲ್ಲಿ ಇದ್ದವರು ಇಬ್ಬರೇ ಶಿಕ್ಷಕರು. ಊರಿನ ಮಕ್ಕಳೆಲ್ಲ ಹಳದಿ ವ್ಯಾನು ಹತ್ತಿ ಇಂಗ್ಲಿಷ್ ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಒಬ್ಬರು ಸಾಕು ಎಂದು ಇಲಾಖೆ ಹೇಳಿತು. ನಿನ್ನೆಯವರೆಗೆ ಮಕ್ಕಳ ಮೂಗೊರೆಸಿ ಅಕ್ಷರ ಕಲಿಸಿದವಳು ಒಂದು ಆದೇಶದಿಂದ 'ಹೆಚ್ಚುವರಿ' ಆಗಿಬಿಟ್ಟಳು. ಅಂಥವರಿಗೆಲ್ಲ ಬೇರೆ ಊರು ಹಂಚುವ ಕೌನ್ಸೆಲಿಂಗ್ ಇದು.

"ಸರ್, ದಾರಿ ಬಿಡ್ರಿ. ನನ್ನ ಹೆಸರು ಕರೀತಿದಾರೆ."

"ಗೊತ್ತೈತಿ. ಅದಕ್ಕೇ ಹೇಳ್ತಿರೋದು. ಇವತ್ತು ಎಲ್ಲರೂ ಹೊರಗೆ ನಿಂತ್ರೆ ಈ ಕೌನ್ಸೆಲಿಂಗ್ ರದ್ದಾಗ್ತೈತೆ. ಒಬ್ರು ಒಳಗೆ ಹೋದ್ರೂ ಬಹಿಷ್ಕಾರ ಮುರೀತು ಅಂತ ಬರ್ಕೊಂತಾರೆ. ನಾಳೆ ಇನ್ನಷ್ಟು ಶಾಲೆ ಮುಚ್ತಾರೆ."

"ನಮ್ಮ ಅವ್ವಂಗೆ ಡಯಾಲಿಸಿಸ್ ನಡೀತೈತೆ ಸರ್... ನನಗೆ ಬಾತಿ ಬಿಟ್ರೆ ಗತಿ ಇಲ್ಲ."

ಅವನ ಮುಖ ಮೆತ್ತಗಾಯಿತು. ಕೈ ಮಾತ್ರ ಬಾಗಿಲಲ್ಲೇ ಇತ್ತು.

"ನಾನು ಮಾಲತೇಶ್. ಸಂಘದ ತಾಲ್ಲೂಕು ಕಾರ್ಯದರ್ಶಿ. ನಿಮ್ಮ ಬಾತಿ ಎಲ್ಲಿಗೂ ಹೋಗಲ್ಲ. ನನ್ನ ಮಾತು ನಂಬ್ರಿ ಟೀಚರ್."

ಆ ಕಣ್ಣುಗಳಲ್ಲಿ ಕಪಟವಿರಲಿಲ್ಲ. ಅನಾಹುತವಾದದ್ದು ಅದರಿಂದಲೇ. ಕಪಟದ ಕಣ್ಣಾಗಿದ್ದರೆ ಅವಳು ತಳ್ಳಿಕೊಂಡು ಒಳಗೆ ಹೋಗುತ್ತಿದ್ದಳು!

ಅವಳು ಹೊರಗೇ ನಿಂತಳು.

ಮಧ್ಯಾಹ್ನ ಅಧಿಕಾರಿಗಳ ಕೋಣೆಯಿಂದ ಸಂಘದ ಅಧ್ಯಕ್ಷ ವಾಮದೇವಪ್ಪ ನಗುನಗುತ್ತ ಹೊರಬಂದರು. ಮಾತುಕತೆ ಫಲ ಕೊಟ್ಟಿದೆಯೆಂದೂ ಬಹಿಷ್ಕಾರವನ್ನು ವಾಪಸ್ ಪಡೆಯಲಾಗಿದೆಯೆಂದೂ ಘೋಷಿಸಿದರು. ಚಪ್ಪಾಳೆ ಬಿತ್ತು. ರೂಪಶ್ರೀ ಒಳಗೆ ಅಧಿಕಾರಿಯ ಮೇಜಿನತ್ತ ಓಡಿದಳು.

"ಬಾತಿ ಸರ್..."

"ಅದು ತುಂಬೈತಮ್ಮ. ಹೆಸರು ಕರ್ದಾಗ ಬರದಿದ್ದೋರು ಗೈರುಹಾಜರು. ಉಳಿದ ಜಾಗಾನೇ ಅವ್ರಿಗೆ. ಜಗಳೂರು ತಾಲ್ಲೂಕು, ಚಿಕ್ಕಬಂಡೆಹಟ್ಟಿ. ಸಹಿ ಹಾಕು."

ಬಾತಿಗೆ ಹೋದದ್ದು ವಾಮದೇವಪ್ಪನವರ ತಮ್ಮನ ಮಗಳು. ಮಾತುಕತೆ ನಡೆದದ್ದು ಅದಕ್ಕಾಗಿಯೇ ಎಂದು ಅರ್ಥವಾಗಲು ಯಾರಿಗೂ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಮಾಲತೇಶ್ ಕಲ್ಲಾಗಿ ನಿಂತಿದ್ದ. ರೂಪಶ್ರೀ ಅವನ ಎದುರು ನಿಂತಳು.

"ನಿಮಗೆ ಯಾವ ಊರು ಸಿಕ್ತು ಸರ್?"

ಅವನು ತಲೆ ತಗ್ಗಿಸಿದ. ಪಕ್ಕದಲ್ಲಿದ್ದವರು ಯಾರೋ ಹೇಳಿದರು. "ಅವ್ರು ಪದಾಧಿಕಾರಿ ಅಲ್ವೇನಮ್ಮ, ವರ್ಗಾವಣೆಯಿಂದ ವಿನಾಯಿತಿ ಐತೆ. ಹರಿಹರದಾಗೇ ಇರ್ತಾರೆ."

"ಓಹೋ!" ಅವಳ ಕಣ್ಣು ಉರಿಯಿತು. "ಅಲುಗಾಡದ ಕುರ್ಚಿ ಮ್ಯಾಲೆ ಕುಂತು ನಮಗೆ ಹೋರಾಟ ಹೇಳಿಕೊಟ್ರಿ. ನಮ್ಮ ಅವ್ವಂಗೆ ಏನಾದ್ರೂ ಆದ್ರೆ ನಿಮ್ಮನ್ನ ಮಾತ್ರ ಕ್ಷಮಿಸಲ್ಲ!"

ಅವನು ತೋಳಿನ ಕಪ್ಪು ಪಟ್ಟಿಯನ್ನು ಬಿಚ್ಚತೊಡಗಿದ.

*

ಎಂ.ಸಿ.ಸಿ. ಬಡಾವಣೆಯ ಬಿ ಬ್ಲಾಕಿನಲ್ಲಿ ಮಹಡಿಯ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಅಲ್ಲಿ ರೂಪಶ್ರೀ ಮತ್ತು ಅವಳ ತಾಯಿ ಮರುಳಸಿದ್ದಮ್ಮ, ಇಬ್ಬರೇ. ಅಪ್ಪ ಅವಳ ಹೈಸ್ಕೂಲಿನ ದಿನಗಳಲ್ಲೇ ತೀರಿಕೊಂಡಿದ್ದರು. ಕಾಯಿಲೆಯ ಅತ್ತೆಯನ್ನು ಜೊತೆಗೆ ಕಟ್ಟಿಕೊಂಡು ಬರುವ ಹೆಣ್ಣು ಬೇಡವೆಂದು ಬಂದ ಗಂಡುಗಳೆಲ್ಲ ಕಾಫಿ ಕುಡಿದು ಎದ್ದು ಹೋಗಿದ್ದರು.

ಮಂಗಳವಾರ, ಶುಕ್ರವಾರ ಬೆಳಗಿನ ಮೊದಲ ಪಾಳಿಯಲ್ಲಿ ಡಯಾಲಿಸಿಸ್. ಇಷ್ಟು ದಿನ ರೂಪಶ್ರೀ ಅವ್ವನ ಪಕ್ಕದಲ್ಲಿ ಕೂತಿದ್ದು, ಆಮೇಲೆ ಶಾಲೆಗೆ ಹೋಗುತ್ತಿದ್ದಳು. ಈಗ ಅದೇ ಹೊತ್ತಿಗೆ ಜಗಳೂರಿನ ಬಸ್ಸು ಹತ್ತಬೇಕು. ಜಗಳೂರಿನಲ್ಲೇ ಮನೆ ಮಾಡೋಣವೆಂದರೆ ಅಲ್ಲಿನ ಆಸ್ಪತ್ರೆಯ ಯಂತ್ರಕ್ಕೆ ಆಗಲೇ ಜನ ಕಾಯುತ್ತಿದ್ದರು. ಪಕ್ಕದ ಮನೆಯ ಕಮಲಕ್ಕ ಇಡ್ಲಿ ಮೆಸ್ ನಡೆಸುವಾಕೆ, ಒಂಬತ್ತರ ಮೇಲಷ್ಟೇ ಬಿಡುವು.

ಅವ್ವನನ್ನು ಕರೆದುಕೊಂಡು ಹೋಗುವವರು ಯಾರು?

ಮೊದಲ ಮಂಗಳವಾರ ಮುಂಜಾನೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಮಾಲತೇಶ್! ಕೆಳಗೆ ಆಟೋ ನಿಂತಿತ್ತು.

"ಯಾಕ ಬಂದ್ರಿ?" ಅವಳ ದನಿ ಸಿಡಿಯಿತು.

"ನನ್ನ ಶಾಲೆ ಒಂಬತ್ತೂವರೆಗೆ. ಅಲ್ಲೀವರೆಗೆ ಅವ್ವಾರ ಹತ್ರ ನಾನು ಕೂಡ್ತೀನಿ. ಆಮ್ಯಾಲೆ ಕಮಲಕ್ಕ ಬರ್ತಾರಂತೆ, ಮಾತಾಡೀನಿ. ನನ್ನ ಬೈರಿ, ಪರವಾಗಿಲ್ಲ. ನಿಮ್ಮ ಬಸ್ಸಿಗೆ ಹೊತ್ತಾಗ್ತೈತೆ."

"ನಿಮ್ಮ ಉಪಕಾರ ನನಗೆ ಬ್ಯಾಡ!"

ಒಳಗಿನಿಂದ ಅವ್ವ ಗೋಡೆ ಹಿಡಿದುಕೊಂಡು ಬಂದರು.

"ನಿನಗೆ ಬ್ಯಾಡಾಗಿದ್ರೆ ಬಿಡು. ಸೂಜಿ ಚುಚ್ಚಿಸ್ಕೊಳ್ಳೋಳು ನಾನು. ಬಾ ತಮ್ಮಾ, ಕೈ ಹಿಡಿ, ಮೆಟ್ಟಿಲು ಇಳಿಬೇಕು."

ರೂಪಶ್ರೀಗೆ ಅಳು ಬಂತು. ಆದರೆ ಬಸ್ಸು ಯಾರ ಅಳುವಿಗೂ ಕಾಯುವುದಿಲ್ಲವಲ್ಲ.

*

ಚಿಕ್ಕಬಂಡೆಹಟ್ಟಿಯ ಶಾಲೆಯಲ್ಲಿ ಅವಳೊಬ್ಬಳೇ ಶಿಕ್ಷಕಿ. ಇನ್ನೊಂದು ಹುದ್ದೆ ಖಾಲಿ, ಕೇಳುವವರಿಲ್ಲ. ಒಂದರಿಂದ ಐದರವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ. ಮೊಟ್ಟೆ ಕೊಟ್ಟದ್ದಕ್ಕೆ ಫೋಟೊ, ಹಾಲು ಕೊಟ್ಟದ್ದಕ್ಕೆ ಫೋಟೊ, ಅದನ್ನು ಕಳಿಸಲು ಸಿಗ್ನಲ್ ಹುಡುಕಿಕೊಂಡು ನೀರಿನ ಟ್ಯಾಂಕಿನ ಹತ್ತಿರ ಓಟ. ಪಾಠ ಮಾಡಲು ಸಿಗುತ್ತಿದ್ದದ್ದು ಉಳಿದ ಹೊತ್ತು. ಅವಳು ರಜೆ ಹಾಕಿದರೆ ಶಾಲೆಗೆ ಬೀಗ. ಹಾಗಾಗಿ ಅವಳು ರಜೆ ಕೇಳುವುದನ್ನೇ ಬಿಟ್ಟಳು.

ಆದರೂ ಆ ಮಕ್ಕಳು ಅವಳನ್ನು ಕಂಡರೆ ಬಸ್ ನಿಲ್ದಾಣದವರೆಗೆ ಓಡಿ ಬರುತ್ತಿದ್ದವು.

ಮಂಗಳವಾರ, ಶುಕ್ರವಾರ ಬಸ್ಸು ಜಗಳೂರು ಮುಟ್ಟುತ್ತಿದ್ದಂತೆ ಅವಳು ಫೋನ್ ಮಾಡುತ್ತಿದ್ದಳು. ಮೊದಮೊದಲು ಒಂದೇ ಪ್ರಶ್ನೆ.

"ಅವ್ವ ಹೆಂಗದಾಳೆ?"

"ಚೆನ್ನಾಗದಾರೆ. ನಿದ್ದಿ ಹತ್ತೈತೆ."

ಫೋನ್ ಕಟ್.

ತಿಂಗಳುಗಳು ಸರಿದಂತೆ ಮಾತು ಉದ್ದವಾಯಿತು. ಮೂರನೇ ತರಗತಿಯ ಹುಡುಗಿ ಒಬ್ಬಳು ಓದಲು ಕಲಿತದ್ದನ್ನು ಅವಳು ಮೊದಲು ಹೇಳಿದ್ದು ಅವನಿಗೇ. ಅವ್ವ ನರ್ಸ್ ಸಬಾಳ ಜೊತೆ ಉಪ್ಪಿನಕಾಯಿಗಾಗಿ ಜಗಳ ಆಡಿದ್ದನ್ನು ಅವನು ಹೇಳಿದಾಗ ಅವಳು ಬಸ್ಸಿನಲ್ಲೇ ಜೋರಾಗಿ ನಕ್ಕುಬಿಟ್ಟಳು. ಪಕ್ಕದವರು ತಿರುಗಿ ನೋಡಿದರು!

'ಇವನ ಮೇಲೆ ಸಿಟ್ಟಿತ್ತಲ್ಲ, ಎಲ್ಲಿ ಹೋಯಿತು?' ಅವಳು ತನ್ನನ್ನೇ ಕೇಳಿಕೊಂಡಳು. ಮನಸ್ಸಿಗೆ ಉತ್ತರ ಗೊತ್ತಿತ್ತು, ಒಪ್ಪಿಕೊಳ್ಳಲು ನಾಚಿಕೆ.

ಅತ್ತ ಅವ್ವನ ದೇಹ ಸೋಲುತ್ತಿತ್ತು. ಕಾಲು ಬಾವು, ಊಟ ಸೇರದು. ಅವ್ವನ ಪಕ್ಕದಲ್ಲಿ ಇರಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ದಾವಣಗೆರೆಗೆ ನಿಯೋಜನೆ ಮಾಡಿ ಎಂದು ಕೊಟ್ಟ ಅರ್ಜಿಗಳೆಲ್ಲ ಸತ್ತುಹೋದವು. ತಾಯಿಯ ಕಾಯಿಲೆ ನಿಯಮದಲ್ಲಿ ಬರುವುದಿಲ್ಲ ಎಂದರು. ಗಂಡ, ಮಕ್ಕಳಾದರೆ ನೋಡಬಹುದಿತ್ತಂತೆ.

ಒಂದು ಭಾನುವಾರ ಅವ್ವನಿಗೆ ಎಳನೀರು ತಂದಿದ್ದ ಮಾಲತೇಶ್ ಹೊರಡುವಾಗ ಮೆಟ್ಟಿಲ ಮೇಲೆ ನಿಂತುಬಿಟ್ಟ.

"ಟೀಚರ್... ಒಂದು ದಾರಿ ಐತೆ."

"ಏನು?"

"ದಂಪತಿ ಪ್ರಕರಣ. ಗಂಡ ಹೆಂಡ್ತಿ ಇಬ್ರೂ ಸರ್ಕಾರಿ ನೌಕರರಾದ್ರೆ ಒಬ್ರು ಇರೋ ಕಡೆ ಇನ್ನೊಬ್ರಿಗೆ ವರ್ಗಾವಣೆ ಕೇಳಬಹುದು. ನಾನು ಹರಿಹರದಾಗ ಅದೀನಿ. ನಾವಿಬ್ರೂ ರಿಜಿಸ್ಟರ್ ಮದ್ವಿ ಆಗಿ ಅರ್ಜಿ ಹಾಕಿದ್ರೆ ನೀವು ಈ ಕಡೆ ಬರಬಹುದು. ನಾನು ನಿಯಮ ಎಲ್ಲಾ ಓದೀನಿ."

ರೂಪಶ್ರೀ ಅವನ ಮುಖ ನೋಡಿದಳು. ಇನ್ನೊಂದು ಮಾತು ಬರುತ್ತದೆ, ಈಗ ಬರುತ್ತದೆ ಎಂದು ಕಾದಳು.

"ಅಷ್ಟೇನಾ?"

"ಅಷ್ಟೇ. ಬೇರೆ ತೊಂದರೆ ಏನೂ ಬರಲ್ಲ."

ಪಾಪದ ಮನುಷ್ಯ! ಇಷ್ಟು ವರ್ಷ ಸಂಘಕ್ಕಾಗಿ ಮನವಿ ಬರೆದೂ ಬರೆದೂ, ಮನಸ್ಸಿನ ಮಾತನ್ನೂ ಮನವಿಯ ಹಾಗೆಯೇ ಮಂಡಿಸಿದ್ದ. ನಿಯಮ ತೋರಿಸಿದರೆ ಕೆಲಸ ಆಗುತ್ತದೆ ಎಂಬುದು ಅವನ ನಂಬಿಕೆ. ಎದುರಿಗಿದ್ದವಳು ಅಧಿಕಾರಿಯಲ್ಲ, ಹೆಣ್ಣು ಎಂಬುದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲೇ ಇಲ್ಲ.

ಅವಳ ಮುಖ ಬಿಳಿಚಿಕೊಂಡಿತು.

"ಬಾತಿ ತಪ್ಪಿಸಿದ ಪಾಪ ತೊಳ್ಕೊಳ್ಳಾಕೆ ತಾಳಿ ಕಟ್ತೀರಾ?"

"ಅಯ್ಯೋ ಹಂಗಲ್ಲ..."

"ಹೆಂಗೆ ಮತ್ತೆ? ವರ್ಗಾವಣೆಗೋಸ್ಕರ ಮದ್ವಿ ಆಗೋವಷ್ಟು ಕೆಳಗೆ ಇಳಿದಿಲ್ಲ ನಾನು! ನಾಳೆಯಿಂದ ಈ ಕಡೆ ಬರಬ್ಯಾಡ್ರಿ. ಆಟೋ ನಯೀಮಣ್ಣ ಅವ್ವನ್ನ ಕರ್ಕೊಂಡು ಹೋಗ್ತಾರೆ."

ಅವನು ಮೆಟ್ಟಿಲಿಳಿದು ಹೋದ.

ಅವಳು ಬಾಗಿಲು ಹಾಕಿಕೊಂಡು ಅತ್ತಳು. ಅವ್ವನಿಗೆ ಎಲ್ಲ ಕೇಳಿಸಿತ್ತು.

"ಅವ್ನು ದಡ್ಡ ಕಣೆ ರೂಪಾ. ಕೆಟ್ಟೋನಲ್ಲ."

"ಸುಮ್ನಿರವ್ವಾ ನೀನು!"

*

ಅದಾಗಿ ಕೆಲವು ವಾರಗಳ ಮೇಲೆ ಒಂದು ಶುಕ್ರವಾರ, ಬಸ್ಸು ಜಗಳೂರು ಮುಟ್ಟುವ ಮೊದಲೇ ಅವಳ ಫೋನ್ ಬಡಿದುಕೊಂಡಿತು. ಸಬಾ.

"ಅಕ್ಕಾ... ಬಸ್ಸು ಇಳೀರಿ. ವಾಪಸ್ ಬರ್ರಿ."

"ಏನಾತು ಸಬಾ? ಅವ್ವ...?"

ಆ ಕಡೆಯಿಂದ ಅಳು ಮಾತ್ರ ಕೇಳಿಸಿತು.

ಎದುರು ಬಂದ ಲಾರಿ ಹತ್ತಿ ಅವಳು ದಾವಣಗೆರೆ ಸೇರುವಷ್ಟರಲ್ಲಿ ಮುಗಿದುಹೋಗಿತ್ತು. ಡಯಾಲಿಸಿಸ್ ನಡೆಯುವಾಗಲೇ ಬಿ.ಪಿ. ಇಳಿದು ಹೃದಯ ನಿಂತಿತ್ತು. ಅವ್ವನ ಹಣೆಯ ವಿಭೂತಿ ಕೂಡ ಅಳಿಸಿರಲಿಲ್ಲ.

ತಾನು ಪಕ್ಕದಲ್ಲಿ ಇರಲಿಲ್ಲ. ಇರಬೇಕಾಗಿದ್ದ ಒಂದೇ ಒಂದು ಹೊತ್ತಿನಲ್ಲಿ ತಾನು ಇರಲಿಲ್ಲ! ಆ ಮಾತು ಅವಳ ತಲೆಯನ್ನು ಕೊರೆಯಿತು.

ಸಂಜೆ ಮಣ್ಣಿಗೆ ಬಂದವರಲ್ಲಿ ಮಾಲತೇಶ್ ಕೂಡ ಇದ್ದ. ಎಲ್ಲರ ಹಿಂದೆ, ಕಣ್ಣು ಕೆಂಪಗೆ. ಅವಳ ಹತ್ತಿರ ಬಂದು, "ಟೀಚರ್, ಅವ್ವಾರು..." ಎಂದ.

"ಬಾಯಿ ಮುಚ್ರಿ!" ಅವಳು ಎಲ್ಲರೆದುರು ಚೀರಿದಳು. "ಅವತ್ತು ನೀವು ಬಾಗಿಲು ಬಿಟ್ಟಿದ್ರೆ ಇವತ್ತು ನಾನು ಅವ್ವನ ಹತ್ರ ಇರ್ತಿದ್ದೆ. ಹೋಗ್ರಿ ಇಲ್ಲಿಂದ!"

ಅವನು ಹೋದ. ಮಣ್ಣು ಹಾಕುವಾಗ ದೂರದ ಬೇಲಿಯ ಹತ್ತಿರ ನಿಂತಿದ್ದವನನ್ನು ಕಮಲಕ್ಕ ಮಾತ್ರ ನೋಡಿದಳು.

*

ಕಾರ್ಯ ಮುಗಿದ ಮೇಲೆ ವಾಮದೇವಪ್ಪ ಸಂಘದ ಪರವಾಗಿ ಸಾಂತ್ವನ ಹೇಳಲು ಬಂದರು. ಜೊತೆಗೆ ಫೋಟೊ ತೆಗೆಯುವವನೊಬ್ಬ. ಕಾಫಿ ಕುಡಿಯುತ್ತ ಅವರು ತಾವಾಗಿಯೇ ಮಾತು ತೆಗೆದರು.

"ನಿಮ್ಮಂಥೋರ ಜೊತೆ ಸಂಘ ಯಾವಾಗ್ಲೂ ಐತಮ್ಮ. ಮಾಲತೇಶನಂಗೆ ಸಿಟ್ಟು ಮಾಡ್ಕೊಂಡ್ರೆ ಏನೂ ಆಗಲ್ಲ. ಆ ಕೌನ್ಸೆಲಿಂಗ್ ದಿನಾನೇ ಸಾಯಂಕಾಲ ನನ್ನ ಟೇಬಲ್ ಮ್ಯಾಲೆ ರಾಜೀನಾಮೆ ಒಗೆದು ಹೋದ. ಏನಾತು? ಪದಾಧಿಕಾರಿ ಅಲ್ಲ ಅಂದ್ಮ್ಯಾಲೆ ವಿನಾಯಿತಿನೂ ಹೋತು. ಈಗ ಅವ್ನೇ ಹೆಚ್ಚುವರಿ. ನಾಳೆ ಕೌನ್ಸೆಲಿಂಗ್ ಐತೆ ಅವ್ನಿಗೆ."

ರೂಪಶ್ರೀ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

ಆ ದಿನವೇ? ಹಾಗಾದರೆ ಮೊದಲ ಮಂಗಳವಾರ ಬಾಗಿಲು ತಟ್ಟಿದಾಗಲೇ ಅವನು ಎಲ್ಲ ಬಿಟ್ಟುಕೊಟ್ಟು ಬಂದಿದ್ದ. ಒಮ್ಮೆಯಾದರೂ ಹೇಳಲಿಲ್ಲವಲ್ಲ!

"ಕಾಫಿ ಆತಲ್ಲ ಸರ್," ಅವಳು ಎದ್ದು ನಿಂತಳು. "ಫೋಟೊ ಬ್ಯಾಡ. ಹೊರಡ್ರಿ."

ಅವರು ಹೋದ ಕೂಡಲೇ ಅವಳು ಆಸ್ಪತ್ರೆಗೆ ಓಡಿದಳು. ಕೊನೆಯ ದಿನ ಏನಾಯಿತೆಂದು ಕೇಳುವ ಧೈರ್ಯ ಇಷ್ಟು ದಿನ ಬಂದಿರಲಿಲ್ಲ.

ಸಬಾ ಅವಳನ್ನು ಬೆಂಚಿನ ಮೇಲೆ ಕೂರಿಸಿದಳು.

"ಮೇಷ್ಟ್ರು ಇದೇ ಬೆಂಚಿನ ಮ್ಯಾಲೆ ಇರ್ತಿದ್ರು ಅಕ್ಕಾ. ನೀವು ಬ್ಯಾಡ ಅಂದಮ್ಯಾಲೂ ಬರ್ತಿದ್ರು. ಒಳಗೆ ಬರ್ತಿರಲಿಲ್ಲ. 'ಟೀಚರ್ ಬ್ಯಾಡ ಅಂದಾರೆ' ಅಂತ ಹೊರಗೇ ಕುಂತು ಶಾಲೆಗೆ ಹೋಗ್ತಿದ್ರು. ಅವತ್ತು ಅಮ್ಮಂಗೆ ಬೆವರು ಕಿತ್ತಿತು. ನಾನೇ ಅವ್ರನ್ನ ಒಳಗೆ ಕೂಗಿದೆ. ಅಮ್ಮ ಅವ್ರ ಕೈ ಹಿಡ್ಕೊಂಡು ಏನೋ ಹೇಳ್ತಿದ್ರು."

"ಏನು? ಏನಂದ್ಲು ಅವ್ವ?"

"ನಾನು ಡಾಕ್ಟರ್ ಕರೆಯಾಕೆ ಓಡಿದೆ ಅಕ್ಕಾ. ಅವ್ರನ್ನೇ ಕೇಳ್ರಿ."

*

ಹರಿಹರದ ಬಸ್ಸಿನಲ್ಲಿ ಅವಳಿಗೆ ಕೂರಲು ಜಾಗ ಸಿಕ್ಕರೂ ನಿಂತೇ ಹೋದಳು.

ಶಾಲೆ ಬಿಟ್ಟು ಮಕ್ಕಳೆಲ್ಲ ಹೋಗಿದ್ದರು. ಮಾಲತೇಶ್ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದ. ನಾಳೆ ಯಾವ ಊರೋ! ಅವಳನ್ನು ಕಂಡು ಗಾಬರಿಯಿಂದ ಎದ್ದ.

"ಟೀಚರ್... ನೀವು... ಬರ್ರಿ, ಕೂಡ್ರಿ."

ಅವಳು ಕೂರಲಿಲ್ಲ.

"ರಾಜೀನಾಮೆ ವಿಷಯ ಯಾಕ ಹೇಳಲಿಲ್ಲ?"

ಅವನು ನೆಲ ನೋಡಿದ.

"ಹೇಳಿದ್ರೆ ಏನಾಗ್ತಿತ್ತು? ನಿಮ್ಮ ಬಾತಿ ವಾಪಸ್ ಬರ್ತಿತ್ತಾ? ಅವತ್ತು ಒಳಗೆ ಏನು ನಡೀತಿತ್ತು ಅಂತ ನನಗೆ ಗೊತ್ತಿರಲಿಲ್ಲ. ಆದ್ರೂ ಬಾಗಿಲಿಗೆ ಕೈ ಅಡ್ಡ ಹಿಡಿದೋನು ನಾನೇ."

"ಬೆಂಚಿನ ಮ್ಯಾಲೆ ಯಾಕ ಕೂಡ್ತಿದ್ರಿ? ಅದೂ ಪಾಪ ತೊಳ್ಕೊಳ್ಳಾಕಾ?"

ಅವನು ತಲೆಯೆತ್ತಿ ಅವಳನ್ನು ನೋಡಿದ.

"ಮೊದಲು ಬಂದದ್ದು ಪಾಪಕ್ಕೇ. ಸುಳ್ಳು ಹೇಳಲ್ಲ. ಆಮ್ಯಾಲೆ ನಿಮ್ಮ ಫೋನಿಗೆ ಕಾಯಾಕೆ ಶುರುಮಾಡಿದೆ. ಬಸ್ಸು ತಡ ಆದ್ರೆ ನನಗೆ ಕೈಕಾಲು ಆಡ್ತಿರಲಿಲ್ಲ. ನೀವು ಫೋನ್ ನಿಲ್ಲಿಸಿದ ಮ್ಯಾಲೆ... ಆ ಬೆಂಚ್ ಬಿಟ್ರೆ ನಿಮಗೆ ಹತ್ರ ಅನ್ನಿಸೋ ಜಾಗ ನನಗೆ ಬೇರೆ ಇರಲಿಲ್ಲ. ನೀವಂದ್ರೆ ನನಗೆ ಜೀವ ಟೀಚರ್. ಅವತ್ತು ಮೆಟ್ಟಿಲ ಮ್ಯಾಲೆ ಅದನ್ನೇ ಹೇಳಾಕೆ ಬಂದಿದ್ದೆ. ಬಾಯಿಗೆ ಬಂದದ್ದು ಬರೀ ನಿಯಮ."

ರೂಪಶ್ರೀಯ ಕಣ್ಣಲ್ಲಿ ನೀರು ತುಂಬಿತು. ಈ ಒಂದು ಮಾತಿಗೆ ಅವಳು ಎಷ್ಟು ಕಾದಿದ್ದಳು! ಈಗ ಬಂದಿದೆ. ಮನೆಯಲ್ಲಿ ಅದನ್ನು ಕೇಳಿ ನಗಲು ಅವ್ವ ಇಲ್ಲ.

"ಮಣ್ಣಿನ ದಿನ ಎಲ್ಲರ ಮುಂದೆ ನಿಮ್ಮನ್ನ..."

"ಬಿಡ್ರಿ. ಅವತ್ತು ಬೈಯಾಕೆ ನಿಮಗೆ ಯಾರಾದ್ರೂ ಬೇಕಾಗಿತ್ತು."

ಅವಳು ನಿಧಾನವಾಗಿ ಜಗುಲಿಯ ಮೇಲೆ ಕೂತಳು.

"ನಾನು ಬಂದದ್ದು ಒಂದು ಕೇಳಾಕೆ. ಅವ್ವ ಕೊನೆಗೆ ಏನಂದ್ಲು?"

ಅವನೂ ಸ್ವಲ್ಪ ದೂರ ಬಿಟ್ಟು ಕೂತ. ಸಮಾಧಾನಕ್ಕೆ ಏನಾದರೂ ಕಟ್ಟಿ ಹೇಳಬಹುದಿತ್ತು. ಅವನಿಗೆ ಅದು ಬರುತ್ತಿರಲಿಲ್ಲ.

"ದೊಡ್ಡ ಮಾತು ಏನೂ ಅನ್ನಲಿಲ್ಲ. ಕಣ್ಣು ಕಾಣ್ತಿರಲಿಲ್ಲ ಅನ್ಸುತ್ತೆ. ನನ್ನ ಕೈನ ನಿಮ್ಮ ಕೈ ಅಂದ್ಕೊಂಡ್ರು. 'ರೂಪಾ, ಹೊತ್ತಾತು, ಬಸ್ಸು ತಪ್ತೈತೆ, ಹೋಗು' ಅಂದ್ರು."

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

"ನೀವೇನಂದ್ರಿ?"

"ಏನು ಅನ್ನಬೇಕೋ ತಿಳೀಲಿಲ್ಲ. ದನಿ ಸಣ್ಣ ಮಾಡ್ಕೊಂಡು, 'ಇವತ್ತು ಹೋಗಲ್ಲವ್ವಾ, ನಿನ್ನ ಹತ್ರಾನೇ ಇರ್ತೀನಿ' ಅಂದೆ. ಅವ್ರು 'ಹೂಂ' ಅಂದ್ರು. ಮುಖದಾಗೆ ಸಮಾಧಾನ ಇತ್ತು. ಆಮ್ಯಾಲೆ ಕೈ ಸಡಿಲ ಆತು." ಅವನು ತನ್ನ ಬಲಗೈ ನೋಡಿಕೊಂಡ. "ನಿಮ್ಮ ಹೆಸರಲ್ಲಿ ಸುಳ್ಳು ಹೇಳಿಬಿಟ್ಟೆ ಟೀಚರ್. ಕ್ಷಮಿಸ್ರಿ."

ಅಷ್ಟು ದಿನ ತಡೆದಿಟ್ಟಿದ್ದ ಅಳು ಕಟ್ಟೆಯೊಡೆದು ಬಂತು. ಅವ್ವ ಒಂಟಿಯಾಗಿ ಹೋಗಲಿಲ್ಲ. ಮಗಳು ಪಕ್ಕದಲ್ಲಿದ್ದಾಳೆ ಎಂದುಕೊಂಡೇ ಹೋದಳು! ರೂಪಶ್ರೀ ಕೈ ಚಾಚಿ ಅವನ ಬಲಗೈಯನ್ನು ಎಳೆದುಕೊಂಡು ತನ್ನ ಕೆನ್ನೆಗೆ ಒತ್ತಿ ಹಿಡಿದಳು.

"ಈ ಕೈನಾ?"

"ಹೂಂ."

ಅಂಗಳದಲ್ಲಿ ಬಿಸಿಲು ಇಳಿದು ಹೋಯಿತು. ಆಮೇಲೆ ಅವಳು ಕಣ್ಣೊರೆಸಿಕೊಂಡು ಕೇಳಿದಳು.

"ನಾಳೆ ಯಾವ ಊರು ಕೇಳ್ತೀರಿ?"

"ನನ್ನ ಸರದಿ ಬರೋ ಹೊತ್ತಿಗೆ ಯಾರಿಗೂ ಬ್ಯಾಡಾದ ಊರು ಮಾತ್ರ ಉಳಿದಿರ್ತಾವೆ."

"ಚಿಕ್ಕಬಂಡೆಹಟ್ಟಿ ಉಳಿದಿರ್ತೈತೆ. ನಾನು ಆ ಮಕ್ಕಳ್ನ ಬಿಟ್ಟು ಬರಲ್ಲ. ಅವ್ಕೆ ಲೆಕ್ಕ ಹೇಳಿಕೊಡೋರು ಬೇಕು, ನನಗೆ ಲೆಕ್ಕ ಅಷ್ಟಾಗಿ ಬರಲ್ಲ." ಅವಳು ಅವನ ಕೈ ಬಿಡಲಿಲ್ಲ. "ಅಲ್ಲಿ ನೀರು ಎರಡು ದಿನಕ್ಕೊಮ್ಮೆ. ಫೋನ್ ಸಿಗಲ್ಲ."

"ಫೋನ್ ಯಾಕ ಬೇಕು?" ಅವನು ಒದ್ದೆ ಕಣ್ಣಲ್ಲೇ ನಕ್ಕ. "ನೀವು ಪಕ್ಕದ ಕೋಣೆಯಾಗ ಇರ್ತೀರಲ್ಲ ಟೀಚರ್."

"ಅಲ್ಲಿ ಇರೋದೇ ಒಂದು ಕೋಣೆ ಮೇಷ್ಟ್ರೇ."